ಸೋಡಾ ಮೆಂಬರರು ಹೌದು ಎಂದ ದಿನ

ಬೇರೆ ಊರುಗಳಲ್ಲಿ ಚುನಾವಣೆಗೆ ನಿಂತವರು ಜನರಿಗೆ ಮಾತು ಕೊಡುತ್ತಾರಂತೆ. ನಮ್ಮೂರಿನಲ್ಲಿ ಜನರೇ ನಿಂತವರಿಗೆ ಮಾತು ಕೊಡುತ್ತಾರೆ. ಒಬ್ಬರಿಗೆ ಒಂದೇ ಮಾತು. ಚಾವಡಿಯ ಕಟ್ಟೆಯ ಮೇಲೆ ಕುಳಿತ ಉಮೇದುವಾರನ ಬಲಗಿವಿಯ ಹತ್ತಿರ ಬಗ್ಗಿ, ಇಷ್ಟ ಬಂದ ಒಂದು ಮಾತನ್ನು ಉಸುರಿ ಬರಬೇಕು. ಯಾರ ಕಿವಿಯಲ್ಲಿ ಹೆಚ್ಚು ಮಾತು ಬೀಳುತ್ತದೋ ಅವರು ಗೆದ್ದ ಹಾಗೆ. ಸೋತವರು ಅಂದೇ ಸಂಜೆ ಮನೆಮನೆಗೆ ಹೋಗಿ ಮಾತುಗಳನ್ನು ಹಿಂದಿರುಗಿಸುತ್ತಾರೆ. ಗೆದ್ದವರು ಅವನ್ನು ಕಟ್ಟಿಕೊಂಡು ರಾಜಧಾನಿಯ ಶಾಸನಸಭೆಗೆ ಹೋಗುತ್ತಾರೆ. ಎರಡು ವರ್ಷದ ಅವಧಿ ಮುಗಿದು ಅವರು ಹಿಂದಿರುಗಿಸುವವರೆಗೆ ಆ ಮಾತು ಕೊಟ್ಟವರ ನಾಲಗೆಗೆ ಬರುವುದಿಲ್ಲ. ಬರೆಯಬಹುದು, ಹೇಳಲಾಗುವುದಿಲ್ಲ. ಸಭೆಯ ಹೊಸಿಲು ದಾಟಿದ ಮೇಲೆ ನಮ್ಮ ಮೆಂಬರರ ಬಾಯಿಯಲ್ಲೂ ಊರು ಕೊಟ್ಟ ಮಾತು ಬಿಟ್ಟರೆ ಬೇರೆ ಮಾತು ಹುಟ್ಟುವುದಿಲ್ಲ. ಹೊರಗೆ ಬಂದರೆ ಎಂದಿನಂತೆ ಹರಟುತ್ತಾರೆ.

ಇಂಥ ಏರ್ಪಾಡಿದ್ದರೆ ಜನ ಏನು ಮಾಡುತ್ತಾರೆ ನೀವೇ ಹೇಳಿ. ಬೇಡದ್ದನ್ನು ಸಾಗಹಾಕುತ್ತಾರೆ. ಅಕ್ಕಿ, ನೀರು, ಬಾ, ಹೋಗು ಇವನ್ನೆಲ್ಲ ಯಾರು ಕೊಡುತ್ತಾರೆ? ಗಂಡಸರು ಒಂಟೆ ಎಂದರು, ಹಡಗು ಎಂದರು, ನಮ್ಮೂರಲ್ಲಿ ಯಾರೂ ಕಾಣದ ಹಿಮ ಎಂದರು. ಹೆಂಗಸರು ಇನ್ನೂ ಜಾಣೆಯರು. ಗಂಡನ ಹೆಸರನ್ನು ಹೆಂಡತಿ ಹೇಳುವಂತಿಲ್ಲ. ಹೇಗೂ ಹೇಳದ ಹೆಸರನ್ನು ಕೊಟ್ಟುಬಿಟ್ಟರೆ ಗಂಟೇನು ಹೋಯಿತು? ಒಬ್ಬೊಬ್ಬರಾಗಿ ಬಂದು ಗಂಡಂದಿರ ಹೆಸರು ಉಸುರಿ, ಬಾಯಿಗೆ ಸೆರಗು ಅಡ್ಡ ಹಿಡಿದು ನಗುತ್ತ ಇಳಿದು ಹೋದರು. ನಾನೂ ಅದನ್ನೇ ಮಾಡಿದೆ. ಕಟ್ಟೆಯ ಮೇಲೆ ಕುಳಿತಿದ್ದವರೇ ನನ್ನ ಗಂಡ. ಅವರ ಹೆಸರನ್ನು ಅವರ ಕಿವಿಯಲ್ಲೇ ಹೇಳಿದಾಗ ಆ ಕಿವಿ ಕೆಂಪಗಾದದ್ದನ್ನು ನಾನು ಕಣ್ಣಾರೆ ನೋಡಿದೆ. ಆ ಹೆಸರನ್ನು ಇಲ್ಲೇ ಬರೆದುಬಿಡುವುದಿಲ್ಲ. ಹೊತ್ತು ಬಂದಾಗ ಬರೆಯುತ್ತೇನೆ.

ನಮ್ಮವರಿಗೆ ಗೋಲಿ ಸೋಡಾ ಮಾಡುವ ಕೆಲಸ. ಶಾಸನಸಭೆ ಸೇರುತ್ತಿದ್ದುದು ಚಳಿಗಾಲದಲ್ಲಿ. ಚಳಿಯಲ್ಲಿ ಸೋಡಾ ಯಾರೂ ಕುಡಿಯುವುದಿಲ್ಲವಾದ್ದರಿಂದ ಇವರೊಬ್ಬರು ಖಾಲಿ ಇರುತ್ತಾರೆ ಎಂದು ಊರವರು ಇವರನ್ನು ನಿಲ್ಲಿಸಿದರು. ಇದಕ್ಕಿಂತ ದೊಡ್ಡ ಅರ್ಹತೆ ಇವರಲ್ಲಿ ಇತ್ತೆಂದು ನಾನು ಸುಳ್ಳು ಹೇಳಲಾರೆ. ದಪ್ಪ ಮೀಸೆಯಿತ್ತು, ಕೇಳುವ ತಾಳ್ಮೆಯಿತ್ತು, ಅಷ್ಟೇ. ಗೆದ್ದ ಮೇಲೆ ಎಲ್ಲರೂ ಸೋಡಾ ಮೆಂಬರರು ಎನ್ನತೊಡಗಿದರು.

ಆ ಮೊದಲ ಚುನಾವಣೆಯಲ್ಲಿ ಮಾತು ಕೊಡಲು ಬಾರದೆ ಉಳಿದವಳು ಪಕ್ಕದ ಮನೆಯ ಸಾವಂತ್ರಮ್ಮ ಒಬ್ಬಳೇ. ಅವಳ ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು. ಈಗ ಯಾರ ಅಡ್ಡಿಯೂ ಇಲ್ಲದೆ ಹೇಳಬಹುದಾದ ಆ ಹೆಸರನ್ನು ಕೊಡಲು ಅವಳಿಗೆ ಮನಸ್ಸಿರಲಿಲ್ಲ. ಬೇರೆ ಏನನ್ನು ಕೊಡಲೂ ಅವಳಿಗೆ ಮನಸ್ಸಾಗುತ್ತಿರಲಿಲ್ಲ ಬಿಡಿ, ಕೇಳಿದರೆ ಜರಡಿಯನ್ನೂ ಕೊಡದ ಕೈ ಅದು. ನಮ್ಮವರು ಅವಳ ಬಾಗಿಲಿಗೇ ಹೋಗಿ ಬಗ್ಗಿ ಕಿವಿ ಒಡ್ಡಿದರು.

"ಒಂದು ಮಾತು ಕೊಡ್ರಿ ಸಾವಂತ್ರಮ್ಮ."

"ಇಲ್ಲ!" ಎಂದಳು ಅವಳು.

ಮುಗಿಯಿತು. ಆ ಮಾತು ಅವರ ಕಿವಿಗೆ ಬಿತ್ತು. ಹೋದದ್ದು ಒಂಟಿಯಾಗಿ ಹೋಗಲಿಲ್ಲ. ಇಲ್ಲ ಎನ್ನುವ ಮಾತಿಗೆ ಬಂಧುಬಳಗ ದೊಡ್ಡದು. ಬೇಡ, ಒಲ್ಲೆ, ಊಹೂಂ, ಕೊನೆಗೆ ತಲೆ ಅಲ್ಲಾಡಿಸುವುದು ಕೂಡ ಅದರ ಹಿಂದೆಯೇ ಹೊರಟುಬಿಟ್ಟವು. ಆಮೇಲಿನ ಎರಡು ವರ್ಷ ನಮ್ಮ ಕೇರಿಗೆ ಹಬ್ಬ. ಜರಡಿ ಕೇಳಿದವರಿಗೆ ಜರಡಿ ಸಿಕ್ಕಿತು, ಮಂಚ ಕೇಳಿದವರಿಗೆ ಮಂಚ. ನಾನೂ ಒರಳುಕಲ್ಲು ಹೊರಳಿಸಿಕೊಂಡು ಬಂದೆ. ಸಾವಂತ್ರಮ್ಮ ಬಾಗಿಲಲ್ಲಿ ನಿಂತು ಕಣ್ಣು ಕೆಂಪಗೆ ಮಾಡಿಕೊಂಡು "ಒಯ್ಯಿರಿ, ಒಯ್ಯಿರಿ, ನನ್ನನ್ನೂ ಹೊತ್ತುಕೊಂಡು ಹೋಗ್ರಿ" ಎನ್ನುತ್ತಿದ್ದಳು.

ಮುಂದಿನ ಚುನಾವಣೆಯಲ್ಲಿ ಬಾಯಿಯನ್ನೇ ಬಿಡಬಾರದು ಎಂದು ತುಟಿ ಬಿಗಿದು ಕುಳಿತಿದ್ದಳು. ನಮ್ಮವರು ಬಹಳ ನೊಂದವರಂತೆ ಮುಖ ಮಾಡಿ, "ನನ್ನ ಮ್ಯಾಲೆ ಸಿಟ್ಟೇನ್ರಿ?" ಎಂದು ಮೆಲ್ಲಗೆ ಕಿವಿ ಮುಂದೆ ಮಾಡಿದರು. ಮರ್ಯಾದಸ್ಥ ಹೆಂಗಸು, ಇಲ್ಲ ಎಂದುಬಿಟ್ಟಳು. ಹೀಗೆ ಪ್ರತಿ ಸಲವೂ ಏನಾದರೊಂದು ಕೇಳಿ ಅವಳ ಬಾಯಿಂದ ಅದನ್ನೇ ಕಿತ್ತುಕೊಂಡು ಬಂದರು. ಸೋಡಾ ಮಾಡುವವರಿಗೆ ಬುದ್ಧಿ ಇಲ್ಲವೆಂದು ಯಾರು ಹೇಳಿದ್ದು?

ಸಭೆಯಲ್ಲಿ ಅವರ ಹೆಸರು ಬೆಳೆದದ್ದು ಆ ಒಂದು ಮಾತಿನಿಂದಲೇ. ಅಲ್ಲಿ ಯಾವುದೇ ಮಸೂದೆ ಬಂದರೂ ಮೆಂಬರರು ಎದ್ದು ನಿಂತು ಮೊದಲು ತಮ್ಮ ಹೆಸರು ಹೇಳಬೇಕು, ಆಮೇಲೆ ಹೌದು ಅಥವಾ ಇಲ್ಲ ಎನ್ನಬೇಕು. ಹೆಸರು ಸಭೆಗೆ ಕೇಳಿಸದಿದ್ದರೆ ಮತ ಲೆಕ್ಕಕ್ಕಿಲ್ಲ. ನಾನು ಪ್ರತಿ ಚುನಾವಣೆಯಲ್ಲೂ ಜಾಣತನದಿಂದ ಸಾಗಹಾಕಿದ ಹೆಸರು ಅವರಿಗೆ ಅಲ್ಲಿ ಊರುಗೋಲಾಯಿತು, ಅದಿಲ್ಲದಿದ್ದರೆ ಅವರು ಮೂಕರಂತೆ ನಿಂತಿರಬೇಕಿತ್ತು. ಆದರೆ ಹೌದು ಎನ್ನುವ ಮಾತನ್ನು ಊರಿನಲ್ಲಿ ಯಾರೂ ಕೊಟ್ಟಿರಲಿಲ್ಲ. ಹಾಗಾಗಿ ಬಂದದ್ದಕ್ಕೆಲ್ಲ ಅವರು ಇಲ್ಲ ಎಂದರು. ಕೊಟ್ಟ ಮಾತು ಕೊಟ್ಟವರ ದನಿಯಲ್ಲೇ ಹೊರಡುವುದು ನಮ್ಮ ಕಡೆಯ ಪದ್ಧತಿ. ಅಷ್ಟು ದಪ್ಪ ಮೀಸೆಯ ಕೆಳಗಿನಿಂದ ಸಾವಂತ್ರಮ್ಮನ ಚೂಪು ದನಿ ಹಾರಿ ಬಂದಾಗ ಮಂತ್ರಿಗಳು ಬೆಚ್ಚಿ ಬೀಳುತ್ತಿದ್ದರಂತೆ. ಪತ್ರಿಕೆಗಳು ಅವರನ್ನು ಯಾರಿಗೂ ಬಗ್ಗದ ಮನುಷ್ಯ ಎಂದು ಕೊಂಡಾಡಿದವು. ಬಗ್ಗಲು ಬೇಕಾದ ಮಾತೇ ಅವರ ಹತ್ತಿರ ಇರಲಿಲ್ಲ ಎನ್ನುವುದು ನನಗೆ ಗೊತ್ತಿತ್ತು.

ಅವರು ಮಾಡಿದ ಒಂದೇ ಒಂದು ಭಾಷಣ ಈಗಲೂ ನಮ್ಮೂರಿನ ಮಕ್ಕಳ ಬಾಯಲ್ಲಿದೆ. ಹೊಳೆ ಉಕ್ಕಿ ಅರ್ಧ ಊರು ಕೊಚ್ಚಿಹೋದ ವರ್ಷ ಅದು. ಸಭೆಗೆ ಅದನ್ನು ಹೇಗೆ ತಿಳಿಸುವುದು? ಇದ್ದ ಮಾತುಗಳನ್ನೆಲ್ಲ ತಡಕಾಡಿ, ಊರ ಹೆಂಗಸರು ಕೊಟ್ಟ ಗಂಡಂದಿರ ಹೆಸರುಗಳನ್ನೇ ಆರಿಸಿ ಜೋಡಿಸಿದರು. ಎದ್ದು ನಿಂತು, ಕೈ ಮುಗಿದು, "ಮಳೆಯಪ್ಪ, ಮಳೆಯಪ್ಪ, ಮಳೆಯಪ್ಪ. ಹೊಳೆಯಪ್ಪ ದೊಡ್ಡಪ್ಪ. ಗುಡ್ಡಪ್ಪ ಸಣ್ಣಪ್ಪ. ಹೊನ್ನಪ್ಪ ಇಲ್ಲ" ಎಂದರಂತೆ. ಮೊದಲು ಸಭೆ ನಕ್ಕಿತು. ಆಮೇಲೆ ಒಬ್ಬೊಬ್ಬರಾಗಿ ನಗು ನಿಲ್ಲಿಸಿದರು. ವಾರದೊಳಗೆ ದೋಣಿಯಲ್ಲಿ ಕಾಳು ಬಂತು, ಕಂಬಳಿ ಬಂತು. ಹೊನ್ನಪ್ಪನ ಹೆಂಡತಿ ಮಾತ್ರ, "ಗಟ್ಟಿಮುಟ್ಟಾಗಿರೋ ನನ್ನ ಗಂಡನ್ನ ಇಲ್ಲ ಅಂದ್ರಂತೆ" ಎಂದು ನನ್ನ ಜೊತೆ ಮಾತು ಬಿಟ್ಟಳು.

ಇನ್ನು ನಮ್ಮೂರಿನ ಹೆಸರಿನ ವಿಷಯ. ನಮ್ಮೂರಿಗೆ ಹೆಸರಿಲ್ಲ. ನನ್ನ ಅಜ್ಜಿಯ ಕಾಲದಲ್ಲಿ ಒಬ್ಬ ಮೆಂಬರ, ನಿಮ್ಮೂರ ಹೆಸರನ್ನು ಸಭೆಯಲ್ಲಿ ಮೊಳಗಿಸುತ್ತೇನೆ ಎಂದು ಹೇಳಿ, ಎಲ್ಲರಿಂದಲೂ ಊರ ಹೆಸರನ್ನೇ ಮಾತಾಗಿ ಪಡೆದನಂತೆ. ಅಭಿಮಾನದಿಂದ ಊರಿಗೆ ಊರೇ ಕೊಟ್ಟಿತು. ಆ ಪುಣ್ಯಾತ್ಮ ಸಭೆಗೆ ಹೋಗುವ ದಾರಿಯಲ್ಲೇ ತೀರಿಕೊಂಡ. ಹಿಂದಿರುಗಿಸದೆ ಮೆಂಬರ ಸತ್ತರೆ ಮಾತೂ ಅವನ ಜೊತೆಯಲ್ಲೇ ಹೋಗುತ್ತದೆ. ಹೇಳುವವರಿಲ್ಲದ ಮೇಲೆ ಹಲಗೆಗಳ ಮೇಲಿನ ಅಕ್ಷರಗಳೂ ಮಾಸಿದವು. ಹೀಗಾಗಿ ನಕ್ಷೆಯಲ್ಲಿ ನಾವಿಲ್ಲ, ನಮ್ಮಲ್ಲಿ ರೈಲು ನಿಲ್ಲುವುದೂ ಇಲ್ಲ. ಊರು ಬಂತೆಂದು ಗಾಡಿಗೆ ಗೊತ್ತಾಗಿ ಮೆಲ್ಲಗೆ ಹೋಗುತ್ತದೆ, ಆದರೆ ಹೆಸರಿಲ್ಲದ ಕಡೆ ನಿಲ್ಲಲು ಅದಕ್ಕೆ ಅಪ್ಪಣೆಯಿಲ್ಲ. ನಾವು ಅದಕ್ಕೂ ಹೊಂದಿಕೊಂಡಿದ್ದೆವು. ಮೊದಲು ಹಾಸಿಗೆಯ ಸುರುಳಿ ಎಸೆಯಬೇಕು, ಆಮೇಲೆ ಗಂಟುಮೂಟೆ, ಆಮೇಲೆ ಗಾಡಿಯ ದಿಕ್ಕಿಗೇ ಮುಖ ಮಾಡಿ ಧುಮುಕಬೇಕು. ಮದುಮಗಳೂ ಹೀಗೆಯೇ ಇಳಿಯುತ್ತಿದ್ದಳು. ಮಂಜು ಕವಿದ ಬೆಳಗುಗಳಲ್ಲಿ ಬಿಳಿಯ ಹೊಗೆಯೊಳಗಿಂದ ಹಾಸಿಗೆಗಳು, ಬುಟ್ಟಿಗಳು, ಮನುಷ್ಯರು ಒಂದೊಂದಾಗಿ ತೇಲಿ ಬರುವುದನ್ನು ನೋಡುವುದಕ್ಕೇ ನಾನು ಹಳಿಯ ಹತ್ತಿರ ಹೋಗಿ ನಿಲ್ಲುತ್ತಿದ್ದೆ.

ನಮ್ಮವರ ನಾಲ್ಕನೆಯ ಅವಧಿಯಲ್ಲಿ ಸಾವಂತ್ರಮ್ಮ ತಂಗಿಯ ಮನೆಗೆ ಹೋಗಿ ಗಾಡಿಯಲ್ಲಿ ಹಿಂದಿರುಗುತ್ತಿದ್ದಳು. ವಯಸ್ಸಾಗಿತ್ತು, ಮಂಡಿ ಹಿಡಿದಿತ್ತು. ಬಾಗಿಲಲ್ಲಿ ನಿಂತ ಯಾರೋ, "ಹಾರ್ತೀಯೇನಜ್ಜಿ? ಏನೂ ಆಗಲ್ಲ, ಹಾರು" ಎಂದರು. ಇಲ್ಲ ಎನ್ನಬೇಕಿತ್ತು. ಇಲ್ಲ ಎನ್ನುವುದು ರಾಜಧಾನಿಯಲ್ಲಿ ನನ್ನ ಗಂಡನ ಬಾಯಿಯಲ್ಲಿತ್ತು. ತಲೆ ಅಲ್ಲಾಡಿಸಲೂ ಆಗದೆ ಅವಳು ಹಾರಿದಳು. ಸೊಂಟದ ಮೂಳೆ ಮುರಿಯಿತು. ಮನೆಗೆ ಹೊತ್ತು ತಂದಾಗ ನಾನು ಅವಳ ಒರಳುಕಲ್ಲಿನಲ್ಲೇ ಚಟ್ನಿ ರುಬ್ಬುತ್ತಿದ್ದೆ. ಅವಳನ್ನು ನೋಡಿ ನನಗೆ ಬಂದ ಸಂಕಟ ಇಷ್ಟು ಅಷ್ಟಲ್ಲ. ಅಳುತ್ತ ಒರಳನ್ನು ಹಿಂದಕ್ಕೆ ಹೊರಳಿಸಿಕೊಂಡು ಹೋದೆ.

"ಅದು ಅಲ್ಲೇ ಇರಲಿ ಹಾಲಮ್ಮ" ಎಂದಳು ಮಲಗಿದ್ದಲ್ಲಿಂದಲೇ. "ಗಾಡಿ ನಿಲ್ಲಂಗೆ ಮಾಡಿಸು ನಿನ್ನ ಗಂಡಂಗೆ ಹೇಳಿ. ಕಲ್ಲು ತಂದು ಏನು ಮಾಡ್ತೀಯ."

ನಮ್ಮವರು ರಜೆಗೆ ಬಂದಾಗ ನಾನು ಬಾಯಿಗೆ ಬಂದಂತೆ ಬೈದೆ. ಅವರು ತಲೆ ತಗ್ಗಿಸಿ ಕೇಳಿಸಿಕೊಂಡು, "ಗಾಡಿ ವಿಷಯ ಈ ಸಲ ಸಭೆಗೆ ಬರ್ತದೆ ಕಣೇ. ಹೆಸರಿಲ್ಲದ ಊರಿಗೂ ಗಾಡಿ ನಿಲ್ಲಬೇಕು ಅಂತ ಹೊಳೆಯಾಚೆ ಮೆಂಬರ್ರು ಮಸೂದೆ ತಂದವ್ರೆ. ಅರ್ಧ ಜನ ಆ ಕಡೆ, ಅರ್ಧ ಜನ ಈ ಕಡೆ. ಒಂದು ಹೌದು ಸಾಕು. ನನ್ನ ಹತ್ರ ಇರೋದು ಇಲ್ಲ ಒಂದೇ" ಎಂದರು.

ಊರನ್ನು ಚಾವಡಿಗೆ ಕರೆದರು. ಊರೆಲ್ಲ ಕೂಡಿ ಒಪ್ಪಿದರೆ ಅವಧಿಗೊಮ್ಮೆ, ಒಬ್ಬರು ಮಾತ್ರ, ಕೊಟ್ಟ ಮಾತನ್ನು ನಡುವೆಯೇ ಹಿಂದೆ ಪಡೆದು ಬೇರೆ ಮಾತು ಕೊಡಲು ಅವಕಾಶವುಂಟು. ಯಾರಾದರೂ ಹೌದನ್ನು ಕೊಡಿ ಎಂದು ಕೇಳಿದರು. ಎಲ್ಲರೂ ತಮ್ಮ ತಮ್ಮ ಕಾಲಿನ ಹೆಬ್ಬೆರಳು ನೋಡಿಕೊಂಡರು. ತಪ್ಪೆನ್ನಲು ಆಗುವುದಿಲ್ಲ. ಒಬ್ಬನಿಗೆ ಮದುವೆ ನಿಶ್ಚಯವಾಗಬೇಕಿತ್ತು, ಒಬ್ಬಳಿಗೆ ಸಿಟ್ಟಿನ ಅತ್ತೆಯಿದ್ದಳು. ಹೌದು ಹೋದರೆ ಹೂಂ ಹೋಗುತ್ತದೆ, ಆಯ್ತು ಹೋಗುತ್ತದೆ, ಸರಿ ಹೋಗುತ್ತದೆ, ತಲೆಯಾಡಿಸುವುದೂ ಹೋಗುತ್ತದೆ. ಬದುಕುವುದು ಹೇಗೆ? ಕೂತವರ ನಡುವಿನಿಂದ ನಾನೇ ಎದ್ದೆ. ಕೊರಳಿಗೆ ತಾಳಿ ಕಟ್ಟಿದಂದಿನಿಂದ ಎಲ್ಲರಿಗೂ ಹೂಂ ಹೂಂ ಎಂದು ಸವೆದ ನಾಲಗೆ ನನ್ನದು, ಅವಧಿ ಮುಗಿಯುವತನಕ ಅದಕ್ಕೂ ರಜೆ ಸಿಗಲಿ ಎಂದುಕೊಂಡೆ.

ಕಟ್ಟೆಯ ಮೇಲೆ ಅವರು ನನ್ನ ಕಿವಿಯಲ್ಲಿ ತಮ್ಮ ಹೆಸರನ್ನು ಹೇಳಿ ಹಿಂದಿರುಗಿಸಿದರು. ನಾನು ಅವರ ಕಿವಿಯಲ್ಲಿ ಹೌದು ಎಂದೆ. ಓದುತ್ತಿರುವ ಬುದ್ಧಿವಂತರಿಗೆ ಎಡವಟ್ಟು ಆಗಲೇ ಹೊಳೆದಿರಬೇಕು. ಇಡೀ ಚಾವಡಿಯಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಮನುಷ್ಯನಿಗೆ ತನ್ನ ಹೆಸರಿನ ನೆನಪು ಯಾವತ್ತು ತಾನೆ ಇರುತ್ತದೆ?

ನನ್ನ ಹೌದು ಖರ್ಚಾಗುವುದನ್ನು ನೋಡಬೇಕೆಂದು ನಾನೂ ಅವರ ಜೊತೆ ಓಡುವ ಗಾಡಿ ಹತ್ತಿ ರಾಜಧಾನಿಗೆ ಹೋದೆ. ದಾರಿಯಲ್ಲಿ ಅವರು "ಚಳಿಯಾಗ್ತದೇನೇ? ಕಿಟಕಿ ಹಾಕಲಾ?" ಎಂದು ಕೇಳಿದರೆ ನಾನು ಸುಮ್ಮನೆ ಕಂಬಳಿ ಹೊದ್ದುಕೊಳ್ಳುತ್ತಿದ್ದೆ. ಸಭೆಯ ಮಹಡಿಯಲ್ಲಿ ನೋಡಲು ಬಂದವರ ಬೆಂಚುಗಳಿದ್ದವು. ಕೆಳಗೆ ದೊಡ್ಡ ದುಂಡನೆಯ ಅಂಗಳ, ಗಾಜಿನ ಗುಮ್ಮಟದಿಂದ ಸೋಸಿ ಬೀಳುವ ಬೆಳಕು, ನೀರಿನೊಳಗೆ ಕುಳಿತವರ ಹಾಗೆ ನಿಧಾನವಾಗಿ ಅಲ್ಲಾಡುವ ಮೆಂಬರರು. ಎತ್ತರದ ಪೀಠದಲ್ಲಿ ಬಿಳಿ ಕೂದಲಿನ ಸಭಾಧ್ಯಕ್ಷೆ ಮರದ ಸುತ್ತಿಗೆ ಹಿಡಿದು ಕುಳಿತಿದ್ದರು. ಒಬ್ಬೊಬ್ಬರೇ ಎದ್ದು ಹೆಸರು ಹೇಳಿದರು, ಹೌದು ಎಂದರು, ಇಲ್ಲ ಎಂದರು. ಎರಡೂ ಕಡೆ ಸರಿಸಮವಾಗಿ ನಿಂತಿತು. ಸಮ ಬಂದರೆ ಮಸೂದೆ ಬಿದ್ದಂತೆ. ಉಳಿದವರು ನಮ್ಮವರು ಒಬ್ಬರೇ.

ಎದ್ದು ನಿಂತರು. ಬಾಯಿ ತೆರೆದರು. ಏನೂ ಬರಲಿಲ್ಲ.

"ಹೆಸರು ಹೇಳಿ" ಎಂದರು ಅಧ್ಯಕ್ಷೆ.

ಅವರ ಗಂಟಲಿನಲ್ಲಿ ಗೋಲಿ ಸಿಕ್ಕಿಕೊಂಡಂತಾಯಿತು. ಒಂಟೆ ಇತ್ತು, ಹಡಗು ಇತ್ತು, ಊರ ಗಂಡಸರ ಹೆಸರೆಲ್ಲ ಇತ್ತು, ತಮ್ಮದೊಂದು ಇರಲಿಲ್ಲ. ಮುಖ ಮೇಲೆತ್ತಿ ಮಹಡಿಯ ಬೆಂಚುಗಳಲ್ಲಿ ನನ್ನನ್ನು ಹುಡುಕಿದರು. ಆಗ ನನಗೆ ಹೊಳೆಯಿತು. ಅದು ನನ್ನ ಹತ್ತಿರ ಇತ್ತು.

"ಹೆಸರು ಕೇಳಿಸದಿದ್ದರೆ ಮತ ಇಲ್ಲ" ಎಂದು ಅಧ್ಯಕ್ಷೆ ಸುತ್ತಿಗೆ ಎತ್ತಿದರು.

ಗಂಡನ ಹೆಸರು ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂದು ನನ್ನ ತಾಯಿ ಹೇಳಿದ್ದಳು, ಅವಳ ತಾಯಿ ಅವಳಿಗೆ ಹೇಳಿದ್ದಳು. ಕಣ್ಣ ಮುಂದೆ ಮಾತ್ರ ಗಾಡಿಯ ಬಾಗಿಲಲ್ಲಿ ತಲೆ ಅಲ್ಲಾಡಿಸಲಾರದೆ ನಿಂತ ಸಾವಂತ್ರಮ್ಮ ಇದ್ದಳು. ಎದ್ದು, ಕಟಕಟೆ ಹಿಡಿದು, ಇದ್ದಬದ್ದ ಉಸಿರನ್ನೆಲ್ಲ ಕೂಡಿಸಿ ಕೂಗಿದೆ.

"ಮುರಿಗೆಪ್ಪ!"

ಗುಮ್ಮಟ ಅದನ್ನು ತಿರುಗಿಸಿ ತಿರುಗಿಸಿ ಹೇಳಿತು. ಕೆಳಗೊಬ್ಬರು ಎದ್ದು, "ಇದೇನು ಸಂತೆಯೇ? ನೋಡಲು ಬಂದವರು ಕೂಗುವಂತಿಲ್ಲ" ಎಂದು ತಕರಾರು ತೆಗೆದರು. ಅಧ್ಯಕ್ಷೆ ನನ್ನನ್ನು ನೋಡಿದರು, ನಮ್ಮವರನ್ನು ನೋಡಿದರು. ಅವರಿಗೂ ಎಂದೂ ಹೇಳದ ಒಂದು ಹೆಸರು ಇದ್ದಿರಬೇಕು ಎಂದು ನನಗೆ ಯಾಕೋ ಅನಿಸಿತು.

"ಹೆಸರು ಸಭೆಗೆ ಕೇಳಿಸಬೇಕು ಎಂದಷ್ಟೇ ನಿಯಮ ಇರುವುದು. ಯಾರ ಬಾಯಿಂದ ಎಂದಿಲ್ಲ" ಎಂದರು. "ಕೇಳಿಸಿತು. ಮುರಿಗೆಪ್ಪನವರೇ, ಮತ?"

"ಹೌದು."

ನನ್ನ ದನಿ. ಅಡಿಗೆಮನೆಯಿಂದ, ಒಲೆ ಊದುತ್ತ ಊದುತ್ತ, ಅವರು ಕರೆದದ್ದಕ್ಕೆಲ್ಲ ನಾನು ಓಗೊಡುತ್ತಿದ್ದ ಅದೇ ಎಳೆದ ಹೌದು. ಯಾರಿಗೂ ಬಗ್ಗದ ಮನುಷ್ಯನ ಬಾಯಿಂದ ಅದು ಹೊರಟಾಗ ಸಭೆಯೆಲ್ಲ ಎದ್ದು ನಿಂತಿತು. ನಾನು ಬೆಂಚಿನ ಮೇಲೆ ಕುಸಿದು ಕುಳಿತು ಅತ್ತೆ, ನಾಚಿಕೆಯಿಂದಲೋ ಸಂತೋಷದಿಂದಲೋ ನನಗೇ ತಿಳಿಯಲಿಲ್ಲ.

ಸಂಕ್ರಾಂತಿಯ ಹೊತ್ತಿಗೆ ಗಾಡಿ ನಿಲ್ಲತೊಡಗಿತು. ಹಳದಿ ಹಲಗೆ ನೆಟ್ಟರು, ಅದರ ಮೇಲೆ ಬರೆಯಲು ಏನೂ ಇರಲಿಲ್ಲವಾದ್ದರಿಂದ ಬರಿದೇ ಬಿಟ್ಟರು. ಮೊದಲ ದಿನ ಗಾಡಿ ನಿಂತ ಮೇಲೂ ಜನ ಅಭ್ಯಾಸಬಲದಿಂದ ಹಾಸಿಗೆ ಎಸೆದು ಧುಮುಕಿದರು. ಅಧಿವೇಶನ ಮುಗಿಸಿ ಬಂದ ನಮ್ಮವರು ಮಾತ್ರ ಧುಮುಕಲಿಲ್ಲ. ಮೆಟ್ಟಿಲು ಹಿಡಿದು ಒಂದೊಂದಾಗಿ ಇಳಿದರು. ರಾಜಧಾನಿಯ ಚಳಿ ಅವರ ಎದೆಗೆ ಇಳಿದಿತ್ತು. ಬೇಸಿಗೆ ಬಂದರೂ ಕೆಮ್ಮು ಬಿಡಲಿಲ್ಲ. ಸೋಡಾ ಯಂತ್ರ ಸುಮ್ಮನೆ ನಿಂತಿತು. ಹೆಸರು ಕೂಗಿದ್ದರಿಂದಲೇ ಹೀಗಾಯಿತೆಂದು ನಾನು ದೇವರ ಮುಂದೆ ಅಳುವುದನ್ನು ನೋಡಿ ಸಾವಂತ್ರಮ್ಮ, "ಹುಚ್ಚಿ, ಕೆಮ್ಮಿಗೆ ಹೆಸರು ಕೇಳಿಸ್ತದೇನೇ?" ಎಂದು ಗದರಿದಳು.

ಒಂದು ಮಧ್ಯಾಹ್ನ ವೈದ್ಯರು ಹೊರಗೆ ಬಂದು ನಿಂತ ರೀತಿಯಲ್ಲೇ ಎಲ್ಲರಿಗೂ ತಿಳಿಯಿತು. ಊರು ಸಾಲುಗಟ್ಟಿತು. ತಮ್ಮ ತಮ್ಮ ಮಾತುಗಳನ್ನು ಅವರು ಇರುವಾಗಲೇ ಹಿಂದೆ ಪಡೆಯಬೇಕಲ್ಲ, ಊರ ಹೆಸರು ಹೋದ ಹಾಗೆ ಹೋಗಬಾರದಲ್ಲ. ನಾನು ಸಾಲಿನಲ್ಲಿ ನಿಲ್ಲಲಿಲ್ಲ. ಬಂದವರು ಉಂಡ ಮೇಲೆ ಮನೆಯವಳು ಉಣ್ಣುವುದು ನಮ್ಮಲ್ಲಿ ನಡೆದು ಬಂದದ್ದು. ಒಬ್ಬೊಬ್ಬರೇ ಬಗ್ಗಿ ಕಿವಿ ಕೊಟ್ಟರು. ಒಂಟೆ ಹೋಯಿತು, ಹಡಗು ಹೋಯಿತು, ಹಿಮ ಹೋಯಿತು, ಮಳೆಯಪ್ಪ ಹೊಳೆಯಪ್ಪ ಹೊನ್ನಪ್ಪ ಎಲ್ಲರೂ ಅವರವರ ಮನೆಗೆ ಹೋದರು. ಕೊನೆಗೆ ಸಾವಂತ್ರಮ್ಮನನ್ನು ಕುರ್ಚಿಯಲ್ಲಿ ಕೂರಿಸಿಕೊಂಡು ತಂದರು. ಅವಳ ಮಾತು ಅವಳಿಗೆ ಸಿಕ್ಕಿತು.

"ಇನ್ನು ಮನೆಗೆ ಕರ್ಕೊಂಡು ಹೋಗಾಣೇನವ್ವ?" ಎಂದು ಹೊತ್ತು ತಂದವರು ಕೇಳಿದರು.

"ಇಲ್ಲ" ಎಂದಳು ಸಾವಂತ್ರಮ್ಮ. "ನಾನು ಇಲ್ಲೇ ಹಾಲಮ್ಮನ ಹತ್ರ ಇರ್ತೀನಿ."

ಆಗ ನನ್ನ ಸರದಿ. ನಾನು ಮಂಚದ ಪಕ್ಕ ಕೂತು, ನನ್ನ ಹೌದು ಪಡೆಯಲು ಬಗ್ಗಿ, ಅವರ ತುಟಿಯ ಹತ್ತಿರ ಕಿವಿ ಇಟ್ಟೆ. ಉಳಿದಿದ್ದುದು ಒಂದು ಚಿಟಿಕೆ ಉಸಿರು. ಅದನ್ನು ಅವರು ಯಾವುದಕ್ಕೆ ಖರ್ಚು ಮಾಡಿದರು ನೋಡಿ.

"ಹಾಲಮ್ಮಾ, ನನ್ನ ಕಟ್ಟಿಕೊಂಡು ಸುಖವಾಗಿದ್ಯೇನೇ?"

ಅಯ್ಯೋ ದೇವರೇ! ನಾಲ್ಕು ಸಲ ಗೆದ್ದ ಮನುಷ್ಯ, ಸಾವಂತ್ರಮ್ಮನ ಬಾಯಿಂದ ಇಲ್ಲ ಕಿತ್ತುಕೊಂಡು ಬಂದ ಜಾಣ, ಪ್ರಶ್ನೆ ಕೇಳುವ ಭರದಲ್ಲಿ ಉತ್ತರವನ್ನು ತನ್ನ ಹತ್ತಿರವೇ ಇಟ್ಟುಕೊಂಡಿದ್ದ. ಅವರ ಕಣ್ಣು ನನ್ನ ಬಾಯಿಯನ್ನೇ ನೋಡುತ್ತಿತ್ತು. ಸುಖವಾಗಿದ್ದೆ ಎನ್ನಬಹುದಿತ್ತಲ್ಲ ಎಂದು ಆಮೇಲೆ ಸಾವಂತ್ರಮ್ಮ ಕೇಳಿದಳು. ಎನ್ನಬಹುದಿತ್ತು. ಆದರೆ ಆ ಕಣ್ಣು ಕೇಳುತ್ತಿದ್ದುದು ಅಷ್ಟು ಉದ್ದದ ಮಾತನ್ನಲ್ಲ. ಅಡಿಗೆಮನೆಯಿಂದ ಕೇಳಿಸುವ ಆ ಒಂದೇ ಮಾತನ್ನು. ಹುಡುಕಿದೆ. ನಾಲಗೆಯ ಮೇಲೆ ಅದು ಇದ್ದ ಜಾಗ ಬರಿದಾಗಿತ್ತು. ಆ ಜಾಗದ ಪಕ್ಕದಲ್ಲಿ, ಸಭೆಯಲ್ಲಿ ಅದರ ಜೊತೆಗೇ ಹೊರಟಿದ್ದ ಇನ್ನೊಂದು ಮಾತು ಮಾತ್ರ ಉಳಿದಿತ್ತು.

"ಮುರಿಗೆಪ್ಪ" ಎಂದೆ, ಮೆಲ್ಲಗೆ.

ಅವರ ಮೀಸೆ ಅಲ್ಲಾಡಿತು. ನಕ್ಕರು.

"ಕೇಳಿಸ್ತು" ಎಂದರು.

ನನ್ನ ಹೌದು ಅವರ ಜೊತೆ ಹೋಯಿತು. ಹಿಂದೆ ಬರುವುದಿಲ್ಲವೆಂದು ಗೊತ್ತು, ಬೇಕೆಂದೂ ಅನಿಸುವುದಿಲ್ಲ. ಈಗ ಗಾಡಿ ದಿನವೂ ನಿಲ್ಲುತ್ತದೆ. ತರಕಾರಿಯವಳು ಬುಟ್ಟಿ ಹೊತ್ತು ಆರಾಮವಾಗಿ ಇಳಿದು ನಮ್ಮ ಬಾಗಿಲಿಗೇ ಬರುತ್ತಾಳೆ. ಎಳೆ ಬದನೆಕಾಯಿ ಐತೆ, ಹಾಕಲಾ ಅಜ್ಜಿ ಎಂದು ಕೇಳುತ್ತಾಳೆ. ನಾನು ನನ್ನ ಗಂಡನ ಹೆಸರು ಹೇಳುತ್ತೇನೆ. ಅವಳು ತೂಗಿ ಹಾಕುತ್ತಾಳೆ.